ಒಂಬತ್ತನೇ ಕ್ಲಾಸಿನ ಮಾನವ ಹಕ್ಕು ಪ್ರಾಜೆಕ್ಟ್: ವಿಷಯ ಬೇಕಾದಷ್ಟು ಸಿಕ್ಕಿದೆ, ಪ್ರಶ್ನೆ ಸಿಗ್ತಿಲ್ಲ

ಗಂಗಾವಳಿ ಅಕ್ಕೋರು (ಅಂಕೋಲಾ)

ಎಲ್ಲರಿಗೂ ನಮಸ್ಕಾರ. ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲೂಕಿನ ಒಳಭಾಗದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಡಿಸೆಂಬರ್ 10ಕ್ಕೆ ಮಾನವ ಹಕ್ಕುಗಳ ದಿನ. ಪ್ರತಿ ವರ್ಷ ಭಾಷಣ, ಪ್ರಬಂಧ ಸ್ಪರ್ಧೆ, ಒಂದು ಪೆನ್ನಿನ ಬಹುಮಾನ. ಈ ಸಲ ಅದು ಬೇಡ, ಮಕ್ಕಳೇ ಹುಡುಕಿ ಬರೆಯಲಿ ಅಂತ ಒಂಬತ್ತನೇ ಕ್ಲಾಸಿಗೆ ಪ್ರಾಜೆಕ್ಟ್ ಕೊಟ್ಟೆ. ಮೂರು ತಿಂಗಳು ಸಮಯ ಇದೆ.

31 ಮಕ್ಕಳಿಗೂ ನಿಮ್ಮ ವಿಷಯ ಯಾವುದು ಅಂತ ಚೀಟಿಯಲ್ಲಿ ಬರೆದುಕೊಡಿ ಅಂದೆ. ಬಾಲಕಾರ್ಮಿಕ ಪದ್ಧತಿ ಒಂಬತ್ತು ಚೀಟಿ. ಮಹಿಳೆಯರ ಮೇಲಿನ ದೌರ್ಜನ್ಯ ಏಳು. ವರದಕ್ಷಿಣೆ ನಾಲ್ಕು. ಒಬ್ಬ ಅಮೆರಿಕದ ವರ್ಣಭೇದ ಬರೆದಿದ್ದಾನೆ, ಅವನು ಕುಮಟಾ ದಾಟಿ ಆಚೆ ಹೋದವನಲ್ಲ. ಉಳಿದವರು 'ಮಾನವ ಹಕ್ಕುಗಳ ಮಹತ್ವ'. ಮೊಬೈಲಿನಲ್ಲಿ ಕೇಳಿ ಬರೆದದ್ದು ಅಂತ ಗೊತ್ತಾಗುತ್ತದೆ, ನಾಲ್ಕು ಚೀಟಿಯಲ್ಲಿ ಒಂದೇ ವಾಕ್ಯ ಇದೆ.

'ಇದರಲ್ಲಿ ನಿಮ್ಮ ಪ್ರಶ್ನೆ ಏನು?' ಅಂದರೆ 'ಬಾಲಕಾರ್ಮಿಕ ಪದ್ಧತಿ ಎಂದರೇನು?' ಅನ್ನುತ್ತಾರೆ. ಅದು ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುವ ಪ್ರಶ್ನೆ. ನಾನೇ ಪ್ರಶ್ನೆ ಕೊಟ್ಟುಬಿಟ್ಟರೆ ಕೆಲಸ ಸುಲಭ, ಆದರೆ ಅದು ನನ್ನ ಪ್ರಾಜೆಕ್ಟ್ ಆಗಿಬಿಡುತ್ತದೆ. ಯಾರಾದರೂ ಈ ಥರ ಮಾಡಿಸಿದವರು ಇದ್ದೀರಾ?

ನಿವೃತ್ತ ಮಾಸ್ತರು (ಸಿರ್ಸಿ)

ಅಕ್ಕೋರೆ, ಮಕ್ಕಳದ್ದು ತಪ್ಪಿಲ್ಲ. ನೀವು ವಿಷಯ ಕೇಳಿದಿರಿ, ಅವರು ವಿಷಯ ಕೊಟ್ಟರು. ನಮ್ಮ ಶಾಲೆಗಳಲ್ಲಿ ಪ್ರಶ್ನೆ ಕೇಳುವುದು ಮಾಸ್ತರ ಕೆಲಸ, ಉತ್ತರ ಕೊಡುವುದು ಮಕ್ಕಳ ಕೆಲಸ. ಒಂಬತ್ತು ವರ್ಷ ಹಾಗೆ ಕೂರಿಸಿ ಒಮ್ಮೆಲೇ 'ಈಗ ನೀವು ಕೇಳಿ' ಅಂದರೆ ಹೇಗೆ?

ನಾನು ಮಾಡಿಸುತ್ತಿದ್ದದ್ದು ಹೇಳುತ್ತೇನೆ. ಹಕ್ಕು ಅನ್ನುವ ಶಬ್ದವನ್ನೇ ಎತ್ತಬೇಡಿ. ಊರಿನದೇ ಒಂದು ಫೋಟೋ ಅಥವಾ ವಸ್ತು ಮಧ್ಯದಲ್ಲಿ ಇಡಿ. ನಾಲ್ಕೈದು ಮಕ್ಕಳ ಗುಂಪು ಮಾಡಿ ಹತ್ತು ನಿಮಿಷ ಕೊಡಿ. ಬಾಯಿಂದ ಬರೀ ಪ್ರಶ್ನೆ ಬರಬೇಕು. ಯಾರೂ ಉತ್ತರ ಹೇಳುವ ಹಾಗಿಲ್ಲ. 'ಇದೆಂಥ ಪ್ರಶ್ನೆ' ಅಂತ ನಗುವ ಹಾಗಿಲ್ಲ. ಯಾರಾದರೂ 'ರಸ್ತೆ ಸರಿ ಇಲ್ಲ' ಅಂದರೆ ಅದನ್ನೇ ಪ್ರಶ್ನೆ ಮಾಡಿ ಹೇಳಬೇಕು. ಬರೆದುಕೊಳ್ಳುವವರು ಆಡಿದ ಮಾತನ್ನು ಹಾಗೇ ಬರೆಯಬೇಕು, ಪುಸ್ತಕದ ಭಾಷೆಗೆ ತಿದ್ದಬಾರದು. ತಿದ್ದಿದ ಕೂಡಲೇ ಪ್ರಶ್ನೆಯ ಜೀವ ಹೋಗುತ್ತದೆ.

ಕಷ್ಟ ಇರುವುದು ಮಕ್ಕಳಿಗಲ್ಲ, ನಮಗೆ. ಆ ಹತ್ತು ನಿಮಿಷ ಮಾಸ್ತರಾದವರು ಬಾಯಿ ತುಂಬ ಕವಳ ಹಾಕಿಕೊಂಡವರ ಹಾಗೆ ಸುಮ್ಮನಿರಬೇಕು. ನನಗೆ ಅದು ಅಭ್ಯಾಸ ಆಗಲು ಮೂರು ವರ್ಷ ಹಿಡಿಯಿತು.

ಕುಮಟಾ ಪಾಲಕ

ಸಿಟ್ಟು ಮಾಡಿಕೊಳ್ಳಬೇಡಿ, ಒಂದು ಮಾತು. ಮುಂದಿನ ವರ್ಷ ಇವೇ ಮಕ್ಕಳಿಗೆ ಎಸ್ಸೆಸ್ಸೆಲ್ಸಿ. ಈಗ ಹಕ್ಕು, ಪ್ರಶ್ನೆ ಅಂತ ಪಂಚಾಯ್ತಿ ಮೇಲೆ ಎತ್ತಿಕಟ್ಟಿದರೆ ನಾಳೆ ತೊಂದರೆ ಯಾರಿಗೆ? ನೀವು ವರ್ಗ ಆಗಿ ಹೋಗುತ್ತೀರಿ, ಮಕ್ಕಳ ತಂದೆತಾಯಿ ಅದೇ ಊರಲ್ಲಿ ಇರಬೇಕು.

ಗಂಗಾವಳಿ ಅಕ್ಕೋರು (ಅಂಕೋಲಾ)

ಪಾಲಕರೆ, ಸಿಟ್ಟಿಲ್ಲ. ನೀವು ಹೇಳಿದ ಕೊನೆಯ ಮಾತು ನನಗೂ ಚುಚ್ಚುತ್ತದೆ. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ.

ಮಾಸ್ತರೆ, ಇವತ್ತು ನಿಮ್ಮ ಹಾಗೆ ಮಾಡಿ ನೋಡಿದೆ. ನಮ್ಮ ಊರಿನ ಹಳ್ಳಕ್ಕೆ ಹಾಕಿದ ಕಾಲುಸಂಕದ ಫೋಟೋ ಇಟ್ಟೆ. ಎರಡು ಅಡಿಕೆ ದಬ್ಬೆ, ಹಿಡಿದುಕೊಳ್ಳಲು ಒಂದು ಬಿದಿರು, ಅಷ್ಟೇ. ಹತ್ತು ನಿಮಿಷಕ್ಕೆ ಏಳು ಗುಂಪು ಸೇರಿ 46 ಪ್ರಶ್ನೆ! ಕೆಲವನ್ನು ಅವರು ಆಡಿದ ಹಾಗೇ ಹಾಕುತ್ತೇನೆ:

ಈ ಅಡಿಕೆ ಮರ ಯಾರ ತೋಟದ್ದು, ಅವ್ರಿಗೆ ದುಡ್ಡು ಕೊಟ್ರಾ?
ಬಿದ್ರೆ ಕೇಸು ಯಾರ ಮೇಲೆ?
ಅಜ್ಜಿ ಮಳೆಗಾಲದಲ್ಲಿ ದಾಟೂದಿಲ್ಲ, ಹಾಗಾದ್ರೆ ಅವಳ ರೇಷನ್ ಹೆಬ್ಬೆಟ್ಟು ಯಾರು ಕೊಡ್ತಾರೆ?
ರಾತ್ರಿ ಹೆರಿಗೆ ನೋವು ಬಂದ್ರೆ?
ವೋಟ್ ಕೇಳೂಕೆ ಬಂದವ್ರು ಇದರ ಮೇಲೇ ದಾಟಿ ಬಂದ್ರಾ, ಇಲ್ಲಾ ಬೇಸಿಗೆಲಿ ಬಂದ್ರಾ?
ಹಳ್ಳ ತುಂಬಿದ ದಿನ ನಾವು ಶಾಲೆಗೆ ಬರೂದಿಲ್ಲ, ಅದು ಯಾರ ರಜೆ?

ಕೊನೆಯದನ್ನು ಕೇಳಿದವಳು ಕ್ಲಾಸಿನಲ್ಲಿ ಮಾತೇ ಆಡದ ಹುಡುಗಿ. ಹಳ್ಳದ ಆಚೆಯ ಮಜರೆಯಿಂದ ಬರುತ್ತಾಳೆ. ಮೊದಲ ಚೀಟಿಯಲ್ಲಿ ಅವಳು ಬರೆದದ್ದು 'ವರದಕ್ಷಿಣೆ ಒಂದು ಸಾಮಾಜಿಕ ಪಿಡುಗು'.

ಈಗ ಹೊಸ ತಲೆಬಿಸಿ. 46 ಪ್ರಶ್ನೆ ಇಟ್ಟುಕೊಂಡು ಏನು ಮಾಡುವುದು? ಯಾವುದು ಸಂಶೋಧನೆಗೆ ಬರುತ್ತದೆ, ಯಾವುದು ಬರೀ ಕುತೂಹಲ?

ಕೋರ್ಟ್ ಬದಿ (ಕಾರವಾರ)

'ಅದು ಯಾರ ರಜೆ?' ಓಹೋ. ನಾನು ವಕೀಲಿಕೆ ಮಾಡುವವನು. ನಮ್ಮ ಅರ್ಜಿಗಳಲ್ಲೂ ಇಷ್ಟು ನೇರವಾದ ಪ್ರಶ್ನೆ ಇರುವುದಿಲ್ಲ.

ಜರಡಿ ಹಿಡಿಯಲು ನಾನು ಕಕ್ಷಿದಾರರಿಗೆ ಕೇಳುವುದನ್ನೇ ಮಕ್ಕಳಿಗೂ ಕೇಳಬಹುದು. ತೊಂದರೆ ಯಾರಿಗೆ ಆಗಿದೆ? ಯಾವ ಹಕ್ಕು, ಅದು ಎಲ್ಲಿ ಬರೆದಿದೆ? ಅದನ್ನು ಕೊಡಬೇಕಾದವರು ಯಾರು? ಇದು ನಿಜ ಅಂತ ನಿನಗೆ ಹೇಗೆ ಗೊತ್ತು, ಏನು ತೋರಿಸುತ್ತೀಯ? ಹೆಚ್ಚಿನವರು ಮೂರನೆಯದರಲ್ಲಿ ಎಡವುತ್ತಾರೆ. ತೊಂದರೆ ಇದೆ, ಆದರೆ ಕೊಡಬೇಕಾದವರು ಯಾರು ಅಂತ ಕೇಳಿದರೆ 'ಸಮಾಜ' ಅನ್ನುತ್ತಾರೆ. ಸಮಾಜಕ್ಕೆ ನೋಟಿಸ್ ಕೊಡಲು ವಿಳಾಸ ಎಲ್ಲಿದೆ?

ರಜೆಯ ಪ್ರಶ್ನೆಯನ್ನೇ ತಗೊಳ್ಳಿ. 2002ರ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ 21ಎ ವಿಧಿ ಸೇರಿತು. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ. ಅದನ್ನು ಜಾರಿ ಮಾಡಲು 2009ರ ಶಿಕ್ಷಣ ಹಕ್ಕು ಕಾಯ್ದೆ. ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಿಂದ. ಕೇಂದ್ರ ಸರ್ಕಾರದ ಮಾದರಿ ನಿಯಮಗಳಲ್ಲಿ ಒಂದರಿಂದ ಐದನೇ ಕ್ಲಾಸಿನವರಿಗೆ 1 ಕಿಲೋಮೀಟರ್ ನಡಿಗೆಯೊಳಗೆ, ಆರರಿಂದ ಎಂಟರವರಿಗೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಇಷ್ಟು ಎಲ್ಲರಿಗೂ ಗೊತ್ತು. ಅದರ ಕೆಳಗಿನ ಸಾಲನ್ನು ಯಾರೂ ಓದುವುದಿಲ್ಲ. ಗುಡ್ಡ ಕುಸಿತ, ನೆರೆ, ರಸ್ತೆ ಇಲ್ಲದಿರುವುದು, ದಾರಿಯಲ್ಲಿ ಮಕ್ಕಳಿಗೆ ಅಪಾಯ, ಇಂಥ ಕಡೆ ಈ ದೂರವನ್ನು ಇನ್ನೂ ಕಡಿಮೆ ಮಾಡಿ ಅಪಾಯ ತಪ್ಪುವ ಹಾಗೆ ಶಾಲೆ ಇಡಬೇಕು ಅಂತ ಇದೆ. ಶಾಲೆಯೇ ಇಲ್ಲದ ಸಣ್ಣ ಮಜರೆಗಳ ಮಕ್ಕಳಿಗೆ ವಾಹನ ಅಥವಾ ವಸತಿ ವ್ಯವಸ್ಥೆ ಮಾಡಬೇಕು ಅಂತಲೂ ಇದೆ. ನಮ್ಮ ಜಿಲ್ಲೆಯನ್ನು ನೋಡಿಯೇ ಬರೆದ ಹಾಗಿಲ್ವಾ?

ಈಗ ಒಂದು ಗಂಟು. ನಿಮ್ಮ ಹುಡುಗಿ ಒಂಬತ್ತನೇ ಕ್ಲಾಸು, 14 ದಾಟಿರಬಹುದು. ಈ ಕಾಯ್ದೆ ಎಂಟನೇ ಕ್ಲಾಸಿಗೆ ನಿಂತುಬಿಡುತ್ತದೆ. ಹಳ್ಳ ನಿಲ್ಲುವುದಿಲ್ಲ. ಒಂದೇ ಸಂಕ, ದಾಟುವ ತಮ್ಮನಿಗೆ ಕಾಯ್ದೆ ಇದೆ, ಹಿಂದೆ ಬರುವ ಅಕ್ಕನಿಗೆ ಇಲ್ಲ. ಇದನ್ನು ಅವಳಿಗೆ ನೀವೇ ಹೇಳಬೇಡಿ, ಕಾಯ್ದೆ ಓದಲು ಕೊಡಿ. ಅವಳೇ ಕಂಡುಹಿಡಿಯಲಿ.

ತಾರ್ಲೆ ಬಂಗಡೆ (ಕಾರವಾರ)

ನಾನು ಈಗ ಡಿಗ್ರಿ ಎರಡನೇ ವರ್ಷ. ಅಮ್ಮ ಮೀನು ಮಾರುತ್ತಾಳೆ. ಹೈಸ್ಕೂಲಲ್ಲಿ ನಾನೂ ಇಂಥ ಪ್ರಾಜೆಕ್ಟ್ ಮಾಡಿದ್ದೆ, 'ಮೀನುಗಾರ ಮಹಿಳೆಯರ ಸಮಸ್ಯೆಗಳು'. ಹತ್ತು ಪುಟ. ಒಂದು ಸಾಲೂ ಅಮ್ಮನನ್ನು ಕೇಳಿ ಬರೆದಿದ್ದಲ್ಲ. ಈಗ ನೆನೆಸಿಕೊಂಡರೆ ನಾಚಿಕೆ.

ಈಗ ಮಾಡುವುದಾದರೆ ಹೀಗೆ ಕೇಳುತ್ತಿದ್ದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಬಸ್ ಫ್ರೀ. ಸರಿ. ಅಮ್ಮ ಫ್ರೀ, ಆದರೆ ಬುಟ್ಟಿ? ನೀರು ಸೋರುತ್ತದೆ, ವಾಸನೆ ಅಂತ ಮುಖ ಸಿಂಡರಿಸಿದರೆ ಅಮ್ಮ ಇಳಿದು ಟೆಂಪೋಗೆ ಕಾಯುತ್ತಾಳೆ. ಹಾಗಾದರೆ 'ನಮ್ಮ ಕೇರಿಯ ಮೀನು ಮಾರುವ ಹೆಂಗಸರು ಒಂದು ತಿಂಗಳಲ್ಲಿ ಎಷ್ಟು ದಿನ ಬುಟ್ಟಿ ಸಮೇತ ಬಸ್ಸಿನಲ್ಲಿ ಹೋದರು, ಎಷ್ಟು ದಿನ ದುಡ್ಡು ಕೊಟ್ಟು ಟೆಂಪೋದಲ್ಲಿ ಹೋದರು, ಯಾಕೆ?' ಇದನ್ನು ಬೇಲೆಯ ಮೇಲೆ, ಅಂದರೆ ಕಡಲ ದಂಡೆಯಲ್ಲಿ, ಬೆಳಿಗ್ಗೆ ಆರಕ್ಕೆ ನಿಂತು ಎಣಿಸಬಹುದು. ಆದರೆ ತಿಂಗಳು ನೋಡಿ ಆರಿಸಬೇಕು. ಜೂನ್, ಜುಲೈ 61 ದಿನ ಯಾಂತ್ರಿಕ ಬೋಟಿಗೆ ನಿಷೇಧ. ಆಗ ಎಣಿಸಿದರೆ ಲೆಕ್ಕ ಸುಳ್ಳಾಗುತ್ತದೆ.

ಇನ್ನೊಂದು. ಕಂಡಕ್ಟರ್ ಕೆಟ್ಟವರು ಅಂತ ಮೊದಲೇ ತೀರ್ಮಾನ ಮಾಡಿ ಪ್ರಶ್ನೆ ಬರೆಯಬೇಡಿ. ಅವರಿಗೂ ನಿಯಮ ಇರುತ್ತದೆ, ಉಳಿದ ಪ್ರಯಾಣಿಕರ ಬೈಗುಳವೂ ಇರುತ್ತದೆ. ಅವರನ್ನೂ ಕೇಳಬೇಕು.

ನಿವೃತ್ತ ಮಾಸ್ತರು (ಸಿರ್ಸಿ)

ಈ ಹುಡುಗಿ ಹೇಳಿದ ಕೊನೆಯ ಮಾತು ಮುಖ್ಯ. ಉತ್ತರವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಬರುವ ಪ್ರಶ್ನೆಗಳಿವೆ. 'ಪಂಚಾಯ್ತಿ ಯಾಕೆ ನಿರ್ಲಕ್ಷ್ಯ ಮಾಡುತ್ತಿದೆ?' ಇದು ಪ್ರಶ್ನೆ ಅಲ್ಲ, ಬೈಗುಳ. ಕೊನೆಗೊಂದು ಪ್ರಶ್ನೆ ಚಿಹ್ನೆ ಹಾಕಿದ್ದಾರೆ ಅಷ್ಟೇ. ನಾನು ಮಕ್ಕಳಿಗೆ ಕೇಳುತ್ತಿದ್ದೆ: 'ನೀನು ಅಂದುಕೊಂಡದ್ದು ಸುಳ್ಳು ಅಂತ ಗೊತ್ತಾಗಲು ಈ ಪ್ರಶ್ನೆಯಲ್ಲಿ ಜಾಗ ಇದೆಯೇ?' ಇಲ್ಲದಿದ್ದರೆ ಪುನಃ ಬರೆ.

ಶಬ್ದದಲ್ಲೂ ಉತ್ತರ ಅಡಗಿರುತ್ತದೆ. ನಮ್ಮ ಘಟ್ಟದ ಮೇಲಿನ ಮಕ್ಕಳು ಖಂಡಿತ ಅರಣ್ಯ ಭೂಮಿಯ ವಿಷಯ ಎತ್ತುತ್ತಾರೆ. ಜಿಲ್ಲೆಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಕಾಡು, ಎತ್ತದೆ ಏನು ಮಾಡುತ್ತಾರೆ? ನಾವೆಲ್ಲ ಬಾಯಿಮಾತಿಗೆ 'ಅತಿಕ್ರಮಣದಾರರು' ಅನ್ನುತ್ತೇವೆ. ಗದ್ದೆ ಮಾಡಿಕೊಂಡವರೇ ತಮ್ಮನ್ನು ಹಾಗೆ ಕರೆದುಕೊಳ್ಳುತ್ತಾರೆ. 2006ರ ಅರಣ್ಯ ಹಕ್ಕು ಕಾಯ್ದೆ ಅವರನ್ನು ಹಾಗೆ ಕರೆಯುವುದಿಲ್ಲ, ಪಾರಂಪರಿಕ ಅರಣ್ಯವಾಸಿ ಅನ್ನುತ್ತದೆ. 'ಅತಿಕ್ರಮಣದಾರರಿಗೆ ಪಟ್ಟಾ ಕೊಡಬೇಕೆ?' ಅಂತ ಕೇಳಿದರೆ ಕಳ್ಳನಿಗೆ ಬಹುಮಾನ ಕೊಡಬೇಕೆ ಅಂದ ಹಾಗೆ ಕೇಳಿಸುತ್ತದೆ. ಅದರ ಬದಲು ಹೀಗೆ ಕೇಳಲಿ. ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚಿನ 75 ವರ್ಷದ, ಅಂದರೆ ಮೂರು ತಲೆಮಾರಿನ ಸಾಕ್ಷಿ ತೋರಿಸಬೇಕು. 1930ರಲ್ಲಿ ಯಾರ ಹತ್ತಿರ ಕಾಗದ ಇತ್ತು? ನಿಯಮದಲ್ಲಿ ಹಿರಿಯರ ಹೇಳಿಕೆ, ಹಳೆಯ ಬಾವಿ, ಮನೆ, ಸ್ಮಶಾನ ಇವೂ ಸಾಕ್ಷಿ ಅಂತ ಇದೆ. 'ನಮ್ಮ ಊರಿನವರು ಅರ್ಜಿಗೆ ಯಾವ ಯಾವ ಸಾಕ್ಷಿ ಕೊಟ್ಟರು, ಯಾವುದನ್ನು ಒಪ್ಪಿದರು, ಯಾವುದನ್ನು ಒಪ್ಪಲಿಲ್ಲ?' ಇದು ಪ್ರಶ್ನೆ.

ಶಬ್ದ ಅಂದ ಕೂಡಲೇ ನೆನಪಾಯಿತು. 1948ರ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯ ಮೊದಲ ವಿಧಿಯ ಕರಡಿನಲ್ಲಿ 'ಆಲ್ ಮೆನ್' ಅಂತಿತ್ತು. ಅದು 'ಆಲ್ ಹ್ಯೂಮನ್ ಬೀಯಿಂಗ್ಸ್' ಆಗಬೇಕು ಅಂತ ಹಟ ಹಿಡಿದವರು ಭಾರತದ ಪ್ರತಿನಿಧಿಯಾಗಿದ್ದ ನಮ್ಮ ಹಂಸಾ ಮೆಹ್ತಾ. ಎರಡು ಶಬ್ದಕ್ಕೆ ಇಷ್ಟು ರಗಳೆ ಯಾಕೆ ಅಂತ ಕೇಳುವ ಮಕ್ಕಳಿಗೆ ಇದನ್ನು ಹೇಳುತ್ತಿದ್ದೆ.

ಕಾಡಂಚು (ಯಲ್ಲಾಪುರ)

ಇಷ್ಟು ದಿನ ಓದ್ತಾ ಇದ್ದೆ. ಒಂದು ವಿಷಯ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಾನು ಸಿದ್ದಿ. ನಮ್ಮದು ಆಫ್ರಿಕಾ ಮೂಲದ ಸಮುದಾಯ. ನಮ್ಮ ಊರಿಗೆ ಪ್ರಾಜೆಕ್ಟ್ ಅಂತ ಬಸ್ಸು ಮಾಡಿಕೊಂಡು ಬರುತ್ತಾರೆ. ಶಾಲೆಯವರು, ಕಾಲೇಜಿನವರು, ಇನ್ನೂ ದೊಡ್ಡವರು. ಫೋಟೋ ತೆಗೆಯುತ್ತಾರೆ. ಕೆಲವರು ಕೂದಲು ಮುಟ್ಟಿ ನೋಡುತ್ತಾರೆ. 'ಡಮಾಮಿ ಬಾರಿಸಿ, ಸ್ವಲ್ಪ ಕುಣಿಯಿರಿ' ಅನ್ನುತ್ತಾರೆ. 'ಆಫ್ರಿಕಾದಿಂದ ಯಾವಾಗ ಬಂದಿರಿ?' ಅಂತ ಅಜ್ಜನನ್ನು ಕೇಳುತ್ತಾರೆ. ಅಜ್ಜ ಹಳಿಯಾಳದಿಂದ ಬಂದವನು. ನಮಗೆ 2003ರಲ್ಲಿ ಪರಿಶಿಷ್ಟ ಪಂಗಡ ಅಂತ ಮಾನ್ಯತೆ ಸಿಕ್ಕಿತು. ಅದರಿಂದ ಏನು ಬದಲಾಯಿತು, ಸರ್ಟಿಫಿಕೇಟ್ ತೆಗೆಸಲು ಎಷ್ಟು ಸಲ ಅಲೆಯಬೇಕು, ಹಾಸ್ಟೆಲಲ್ಲಿ ಹುಡುಗರು ಏನಂತ ಕರೆಯುತ್ತಾರೆ, ಇದನ್ನು ಯಾರೂ ಕೇಳುವುದಿಲ್ಲ. ಬರೆದುಕೊಂಡು ಹೋದವರು ಏನು ಬರೆದರು ಅಂತ ತೋರಿಸಲು ವಾಪಸ್ ಬಂದದ್ದೂ ಇಲ್ಲ.

ಮಕ್ಕಳಿಗೆ ಮೊದಲು ಹೇಳಿ. ಬೇರೆಯವರ ಬಗ್ಗೆ ಪ್ರಶ್ನೆ ಮಾಡುವುದಾದರೆ ಅವರಲ್ಲಿ ಒಬ್ಬರು ಪ್ರಶ್ನೆ ಮಾಡುವ ಗುಂಪಿನಲ್ಲೇ ಇರಬೇಕು. ಇಲ್ಲದಿದ್ದರೆ ತಮ್ಮ ಮನೆಯ ಪ್ರಶ್ನೆಯನ್ನೇ ಮಾಡಲಿ.

ಗಂಗಾವಳಿ ಅಕ್ಕೋರು (ಅಂಕೋಲಾ)

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಹಿಂದೊಮ್ಮೆ ಅಂಥ ಬಸ್ಸಿನಲ್ಲಿ ಮಕ್ಕಳನ್ನು ಕರೆದುಕೊಂಡು ಹೋದವಳು ನಾನೂ. ಫೋಟೋ ನನ್ನ ಮೊಬೈಲಿನಲ್ಲಿ ಇನ್ನೂ ಇದೆ. ಕ್ಷಮೆ ಕೇಳುವುದು ಬಿಟ್ಟು ಬೇರೇನು ಹೇಳಲಿ.

ಒಂದು ಗುಂಪು 'ಹಾಲಕ್ಕಿಗಳ ಜೀವನ' ಅಂತ ಇಟ್ಟುಕೊಂಡಿತ್ತು. ಆ ಗುಂಪಿನಲ್ಲಿ ಹಾಲಕ್ಕಿ ಸಮುದಾಯದ ಮಕ್ಕಳು ಒಬ್ಬರೂ ಇರಲಿಲ್ಲ, ಕ್ಲಾಸಿನಲ್ಲಿ ಐವರು ಇದ್ದಾರೆ! ನಾಳೆಯೇ ಮಾತಾಡುತ್ತೇನೆ.

ಅರ್ಗಾದ ಮೊಮ್ಮಗ (ಕಾರವಾರ)

ನಮ್ಮ ಮನೆಯ ಪ್ರಶ್ನೆ ಅಂದಿರಲ್ಲ, ನಮ್ಮದೂ ಒಂದಿದೆ.

ಸೀಬರ್ಡ್ ನೌಕಾನೆಲೆ ಯೋಜನೆಗೆ ಅಡಿಗಲ್ಲು ಬಿದ್ದದ್ದು 1986ರಲ್ಲಿ. ನೌಕಾನೆಲೆ ಐಎನ್‌ಎಸ್ ಕದಂಬ ಅಂತ ಶುರುವಾದದ್ದು 2005ರಲ್ಲಿ. ನಡುವೆ ಕಾರವಾರ, ಅಂಕೋಲಾ ನಡುವಿನ ಕರಾವಳಿಯಿಂದ ಸಾವಿರಾರು ಮನೆಯವರು ಎದ್ದು ಹೋದರು. ಶಾಲೆಯಲ್ಲಿ ಇದರ ಬಗ್ಗೆ ಕೇಳಿದರೆ ಎರಡೇ ಥರದ ಉತ್ತರ. ದೇಶದ ರಕ್ಷಣೆ ಮುಖ್ಯ ಅಥವಾ ಜನರಿಗೆ ಅನ್ಯಾಯ ಆಯಿತು. ಎರಡೂ ಚರ್ಚಾ ಸ್ಪರ್ಧೆಗೆ ಸರಿ.

ನಮ್ಮಜ್ಜಿ ಹೇಳುವುದು ಎರಡನ್ನೂ ಅಲ್ಲ. 'ಹೊಸ ಮನೆಲಿ ರಾತ್ರಿ ಸಮುದ್ರದ ಸದ್ದು ಕೇಳ್ತಿರ್ಲಿಲ್ಲ, ನಿದ್ದೆ ಬರ್ತಿರ್ಲಿಲ್ಲ' ಅನ್ನುತ್ತಾಳೆ. ಅಲ್ಲಿಂದ ಪ್ರಶ್ನೆ ಮಾಡಬಹುದು. ಎದ್ದು ಬಂದ ಮನೆಗಳು ಸಮುದ್ರದಿಂದ ಎಷ್ಟು ದೂರ ಹೋದವು? ಮೊದಲ ಎರಡು ವರ್ಷ ಗಂಡಸರು ಏನು ಕೆಲಸ ಮಾಡಿದರು, ಹೆಂಗಸರು ಏನು ಮಾಡಿದರು? ಪರಿಹಾರದ ಚೆಕ್ ಮನೆಯಲ್ಲಿ ಯಾರ ಹೆಸರಿಗೆ ಬಂತು? ಕೊನೆಯದನ್ನು ಕೇಳಿದಾಗ ನಮ್ಮ ಮನೆಯಲ್ಲಿ ಎಲ್ಲರೂ ಒಮ್ಮೆಲೇ ಮಾತು ನಿಲ್ಲಿಸಿದರು.

ಕುಮಟಾ ಪಾಲಕ

ಇದೇ ನಾನು ಹೇಳಿದ್ದು. ಮನೆಯಲ್ಲಿ ಮಾತು ನಿಲ್ಲುವ ಪ್ರಶ್ನೆ ಮಕ್ಕಳ ಕೈಗೆ ಕೊಟ್ಟರೆ ಆಮೇಲೆ ಸಂಭಾಳಿಸುವವರು ಯಾರು? 2024ರ ಜುಲೈನಲ್ಲಿ ಶಿರೂರಲ್ಲಿ ಗುಡ್ಡ ಕುಸಿಯಿತು. ಆ ಮನೆಗಳ ಮುಂದೆ ಮೈಕ್ ಹಿಡಿದು ನಿಂತವರನ್ನು ನಾನು ಕಣ್ಣಾರೆ ನೋಡಿದ್ದೇನೆ. ನಾಳೆ ನಿಮ್ಮ ಮಕ್ಕಳು ನೋಟ್‌ಬುಕ್ ಹಿಡಿದು ಅಲ್ಲಿಗೇ ಹೋದರೆ?

ಕೋರ್ಟ್ ಬದಿ (ಕಾರವಾರ)

ಪಾಲಕರು ಹೇಳಿದ್ದರಲ್ಲಿ ಅರ್ಧ ನಾನು ಒಪ್ಪುತ್ತೇನೆ. ಪ್ರಶ್ನೆ ಒಳ್ಳೆಯದಿದ್ದರೆ ಸಾಲದು, ಅದನ್ನು ಕೇಳುವ ಹಕ್ಕು ಈ ಮಕ್ಕಳಿಗೆ ಈಗ ಇದೆಯಾ ಅಂತಲೂ ನೋಡಬೇಕು. ಗಾಯ ಹಸಿಯಾಗಿರುವ ಮನೆಗೆ ಹೋಗುವುದು ಬೇಡವೇ ಬೇಡ. ಗುಡ್ಡ ಕುಸಿತದ ಬಗ್ಗೆ ಕೇಳಲೇಬೇಕಾದರೆ ಸತ್ತವರ ಮನೆ ಬಿಟ್ಟು ಬೇರೆ ದಾರಿ ಇದೆ. 'ನಮ್ಮ ಊರಲ್ಲಿ ಅಪಾಯದ ಗುಡ್ಡದ ಕೆಳಗೆ ಎಷ್ಟು ಮನೆ ಇವೆ, ಜೋರು ಮಳೆಯ ಎಚ್ಚರಿಕೆ ಅವರಿಗೆ ಯಾರಿಂದ, ಯಾವಾಗ ತಲುಪುತ್ತದೆ?' ಬದುಕಿರುವವರ ಹಕ್ಕಿನ ಪ್ರಶ್ನೆ ಅದು.

ಅಕ್ಕೋರೆ, ಒಂದು ಪುಟದ ಒಪ್ಪಿಗೆ ಪತ್ರ ಮಾಡಿಸಿ. ನಾವು ಯಾರು, ಯಾಕೆ ಕೇಳುತ್ತಿದ್ದೇವೆ, ಹೆಸರು ಬರೆಯುವುದಿಲ್ಲ, ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು, ಬರೆದದ್ದನ್ನು ನಿಮಗೆ ಓದಿ ಹೇಳುತ್ತೇವೆ. ಸಣ್ಣ ಸಣ್ಣ ವಾಕ್ಯ. ಓದಲು ಬಾರದವರಿಗೆ ಮಕ್ಕಳೇ ಓದಿ ಹೇಳಬೇಕು. ರೋಗ, ಜಗಳ, ಸಾಲ ಇವುಗಳ ತಂಟೆಗೆ ಈ ವಯಸ್ಸಿನವರು ಹೋಗಬಾರದು.

ಇನ್ನು ಒಪ್ಪದ ಅರ್ಧ. ಮಕ್ಕಳು ಕೇಳಿದ ಕೂಡಲೇ ಅದು ಎತ್ತಿಕಟ್ಟಿದ್ದು ಆಗುವುದಿಲ್ಲ. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು ಅಂತ ಸರ್ಕಾರವೇ ಪಂಚಾಯ್ತಿಗಳಿಗೆ ಹೇಳಿದೆ, ಸಾಮಾನ್ಯವಾಗಿ ನವೆಂಬರಿನಲ್ಲಿ ಮಾಡುತ್ತಾರೆ. ಹೆಚ್ಚಿನ ಕಡೆ ಅದು ಸ್ವಾಗತ ಗೀತೆ, ಬಿಸ್ಕತ್ತು, ಫೋಟೋಗೆ ಮುಗಿಯುತ್ತದೆ. ಮಕ್ಕಳ ಕೈಯಲ್ಲಿ ಲೆಕ್ಕ ಇರುವುದಿಲ್ಲವಲ್ಲ. ಕಾಗದ ಬೇಕಾದರೆ ಮೊದಲು ಹೋಗಿ ಬಾಯಲ್ಲಿ ಕೇಳಲಿ. ಕೊಡದಿದ್ದರೆ ಮನೆಯ ದೊಡ್ಡವರೊಬ್ಬರು 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು, 30 ದಿನದಲ್ಲಿ ಉತ್ತರ ಬರಬೇಕು. ಕಾಲುಸಂಕಕ್ಕೆ 'ಶಾಲಾ ಸಂಪರ್ಕ ಸೇತು' ಅಂತ ಸರ್ಕಾರ ಯೋಜನೆಯನ್ನೇ ತಂದಿತ್ತು. ನಿಮ್ಮ ಹಳ್ಳದ ಹೆಸರು ಯಾವುದಾದರೂ ಪಟ್ಟಿಯಲ್ಲಿ ಇದೆಯಾ ಅಂತ ಕೇಳುವುದೇ ಒಂದು ಪ್ರಶ್ನೆ.

ಗಂಗಾವಳಿ ಅಕ್ಕೋರು (ಅಂಕೋಲಾ)

ಮೂರು ವಾರ ಆಯಿತು. ಬರೆಯಲು ಪುರುಸೊತ್ತಾಗಲಿಲ್ಲ.

ಮೊದಲು ಸೋತದ್ದು. ಆಸ್ಪತ್ರೆ ಗುಂಪಿನದು ಮುರಿದುಬಿತ್ತು. 'ನಮ್ಮ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಯಾಕಿಲ್ಲ?' ಅಂತಲೇ ಹಿಡಿದು ಕೂತರು. ಅದು ಇಡೀ ಜಿಲ್ಲೆಯೇ ಕೇಳುತ್ತಿರುವ ಪ್ರಶ್ನೆ, ಒಂಬತ್ತನೇ ಕ್ಲಾಸಿನವರು ಎರಡು ತಿಂಗಳಲ್ಲಿ ಎಲ್ಲಿ ಹುಡುಕುತ್ತಾರೆ? ಚಿಕ್ಕದು ಮಾಡಿ ಅಂದರೆ ಬೇಜಾರಾದರು. ಕೊನೆಗೆ '108ಕ್ಕೆ ಫೋನ್ ಮಾಡಲು ನಮ್ಮ ಊರಲ್ಲಿ ಎಲ್ಲೆಲ್ಲಿ ನೆಟ್‌ವರ್ಕ್ ಸಿಗುತ್ತದೆ?' ಅಂತ ನಕ್ಷೆ ಮಾಡುತ್ತಿದ್ದಾರೆ. ಮುಖ ಇನ್ನೂ ಸಪ್ಪಗೇ ಇದೆ. ಹಾಲಕ್ಕಿ ಗುಂಪಿಗೆ ಐವರಲ್ಲಿ ಇಬ್ಬರು ಸೇರಿದರು. ವಿಷಯ ಪೂರ್ತಿ ಬದಲಾಗಿ ಈಗ ಜಾತಿ ಸರ್ಟಿಫಿಕೇಟ್, ಸ್ಕಾಲರ್‌ಶಿಪ್ ಕಡೆ ತಿರುಗಿದೆ.

ಇನ್ನು ರಜೆಯ ಹುಡುಗಿ. ಅವಳ ಪ್ರಶ್ನೆ ತಿದ್ದಿ ತಿದ್ದಿ ಹೀಗಾಯಿತು: 'ಜುಲೈ ತಿಂಗಳಲ್ಲಿ ಹಳ್ಳ ತುಂಬಿದ್ದರಿಂದ ನಮ್ಮ ಮಜರೆಯ ಮಕ್ಕಳಿಗೆ ಎಷ್ಟು ದಿನ ಶಾಲೆ ತಪ್ಪಿತು?' ನಾನು ಕೇಳಿದೆ, ಹಳ್ಳ ಯಾವ ದಿನ ತುಂಬಿತ್ತು ಅಂತ ಈಗ ಹೇಗೆ ಗೊತ್ತಾಗುತ್ತದೆ, ಯಾರಿಗೆ ನೆನಪಿರುತ್ತದೆ? ಮರುದಿನ ಒಂದು ಪುಸ್ತಕ ತಂದಳು. ಹಾಲಿನ ಡೈರಿಯ ಪಾಸ್‌ಬುಕ್! ಅವಳಮ್ಮ ದಿನಾ ಬೆಳಿಗ್ಗೆ ಹಳ್ಳ ದಾಟಿ ಡೈರಿಗೆ ಹಾಲು ಹಾಕುತ್ತಾರೆ. ಹಳ್ಳ ತುಂಬಿದ ದಿನ ದಾಟಲು ಆಗುವುದಿಲ್ಲ, ಆ ದಿನ ಪುಸ್ತಕದಲ್ಲಿ ಖಾಲಿ.

ನಾನು ಇಪ್ಪತ್ತು ವರ್ಷ ಕೂತು ಯೋಚಿಸಿದರೂ ಇದು ಹೊಳೆಯುತ್ತಿರಲಿಲ್ಲ.

ನಿವೃತ್ತ ಮಾಸ್ತರು (ಸಿರ್ಸಿ)

ಆಹಾ! ಆದರೆ ಒಂದು ತಕರಾರು. ಆ ದಿನ ಹಸು ಹಾಲು ಕೊಡದೆ ಇದ್ದಿರಬಹುದು. ಅಮ್ಮನಿಗೆ ಜ್ವರ ಬಂದಿರಬಹುದು. ಕರು ಕುಡಿದಿರಬಹುದು.

ಗಂಗಾವಳಿ ಅಕ್ಕೋರು (ಅಂಕೋಲಾ)

ಮಾಸ್ತರೆ, ಅದನ್ನೇ ಅವಳಿಗೆ ಹೇಳಿದೆ. ಇನ್ನೆರಡು ಮನೆಯ ಪುಸ್ತಕ ತಂದಳು. ಮೂರರಲ್ಲೂ ಖಾಲಿ ಇರುವ ದಿನ ಮಾತ್ರ ಲೆಕ್ಕಕ್ಕೆ ತಗೊಂಡಳು. 14 ದಿನ ಆಯಿತು. ಅದರಲ್ಲಿ ಭಾನುವಾರ 2. ಮಳೆ ಅಂತ ಶಾಲೆಗೆಲ್ಲ ರಜೆ ಕೊಟ್ಟದ್ದು 5. ಉಳಿದದ್ದು 7 ದಿನ. ಆ 7 ದಿನ ಶಾಲೆ ನಡೆದಿದೆ, ಬಿಸಿಯೂಟ ಆಗಿದೆ, ಪಾಠ ಆಗಿದೆ. ಹಳ್ಳದ ಆಚೆಯ ಆರು ಮಕ್ಕಳು ಬಂದಿಲ್ಲ.

'ಈಗ ಹಾಜರಿ ಪುಸ್ತಕ ನೋಡಬೇಕು ಅಕ್ಕೋರೆ' ಅಂದಳು. ಹೆಸರು ಬೇಡ, ಆರು ಜನರ ಒಟ್ಟು ಲೆಕ್ಕ ಸಾಕು ಅಂದಳು. ನೀವು ಹೇಳಿದ್ದನ್ನು ಕಲಿತಿದ್ದಾಳೆ.

ಸ್ಟಾಫ್ ರೂಮಿಗೆ ಹೋಗಿ ಪುಸ್ತಕ ತೆಗೆದೆ. ತೆಗೆದು ಅಲ್ಲೇ ನಿಂತೆ. ಆ 7 ದಿನಗಳಲ್ಲಿ ಆರೂ ಮಕ್ಕಳಿಗೆ ಗೈರು ಅಂತ ಇರುವುದು ಒಂದೇ ದಿನ. ಉಳಿದ ಆರು ದಿನ ಹಾಜರಿ ಇದೆ. ಅಕ್ಷರ ನನ್ನದು.

ಮೋಸ ಮಾಡಬೇಕು ಅಂತ ಹಾಕಿದ್ದಲ್ಲ. ಹಳ್ಳ ತುಂಬಿದರೆ ಮಕ್ಕಳ ತಪ್ಪೇನು, ನಾಳೆ ಹತ್ತನೇ ಕ್ಲಾಸಿನಲ್ಲಿ ಹಾಜರಿ ಕಡಿಮೆ ಅಂತ ಪರೀಕ್ಷೆಗೆ ತೊಂದರೆ ಆಗಬಾರದು ಅಂತ ಅಭ್ಯಾಸದಿಂದ ಹಾಕಿಬಿಡುತ್ತೇನೆ. ನನಗಿಂತ ಮುಂಚೆ ಇದ್ದವರೂ ಹಾಗೇ ಮಾಡುತ್ತಿದ್ದರಂತೆ. ಸಂಕ ಬೇಕು ಅಂತ ಊರವರು ಎಷ್ಟು ಸಲ ಅರ್ಜಿ ಕೊಟ್ಟಿದ್ದಾರೋ. ಮೇಲಿನವರು ಶಾಲೆಯ ಲೆಕ್ಕ ಕೇಳಿದರೆ ಪುಸ್ತಕದಲ್ಲಿ ಮಕ್ಕಳೆಲ್ಲ ದಿನಾ ಹಳ್ಳ ದಾಟಿ ಬಂದಿದ್ದಾರೆ.

ಪುಸ್ತಕ ತೋರಿಸಲಾ, ಬೇಡವಾ? ಎರಡು ದಿನದಿಂದ ನಿದ್ದೆ ಇಲ್ಲ.

ಕುಮಟಾ ಪಾಲಕ

ಅಕ್ಕೋರೆ, ತೋರಿಸಬೇಡಿ. ನೌಕರಿಯ ಪ್ರಶ್ನೆ. ನಾನು ಇಷ್ಟು ದಿನ ನಿಮಗೆ ವಿರುದ್ಧ ಮಾತಾಡಿದವನು, ಆದರೂ ನಿಮಗೆ ತೊಂದರೆ ಆಗುವುದು ನನಗೆ ಬೇಡ.

ತಾರ್ಲೆ ಬಂಗಡೆ (ಕಾರವಾರ)

ನನಗೆ ನೀವು ತೋರಿಸಬೇಕು ಅನ್ನಿಸುತ್ತದೆ. ಆದರೆ ನನ್ನ ನೌಕರಿ ಅಲ್ಲವಲ್ಲ, ಹೇಳುವುದು ಸುಲಭ.

ಕೋರ್ಟ್ ಬದಿ (ಕಾರವಾರ)

ಇಲ್ಲಿ ಬಹಿರಂಗವಾಗಿ ಸಲಹೆ ಕೊಡುವುದಿಲ್ಲ, ಖಾಸಗಿಯಾಗಿ ಬರೆದಿದ್ದೇನೆ, ನೋಡಿ. ಮುಖ್ಯೋಪಾಧ್ಯಾಯರ ಜೊತೆ ಮೊದಲು ಮಾತಾಡಿ, ಅಷ್ಟು ಇಲ್ಲೇ ಹೇಳಬಹುದು.

ಕಾಡಂಚು (ಯಲ್ಲಾಪುರ)

ಬೇರೆಯವರ ಮನೆಯ ಪ್ರಶ್ನೆ ಕೇಳುವಾಗ ನಾವೆಲ್ಲ ಧೈರ್ಯವಂತರು ಅಕ್ಕೋರೆ. ಪ್ರಶ್ನೆ ನಿಮ್ಮ ಮೇಜಿಗೆ ಬಂದಿದೆ ಈಗ. ಏನು ಮಾಡಿದರೂ ನಾನು ತಪ್ಪು ಅನ್ನುವುದಿಲ್ಲ.

ಗಂಗಾವಳಿ ಅಕ್ಕೋರು (ಅಂಕೋಲಾ)

ಮುಖ್ಯೋಪಾಧ್ಯಾಯರ ಹತ್ತಿರ ಹೇಳಿದೆ. ಬಹಳ ಹೊತ್ತು ಕಿಟಕಿ ಕಡೆ ನೋಡಿದರು. 'ನಾನೂ ಹಾಕಿದ್ದೇನೆ' ಅಂದರು. ಮುಂದಿನ ಮಳೆಗಾಲದಿಂದ ಹಳ್ಳದ ದಿನಕ್ಕೆ ಬೇರೆ ಒಂದು ವಹಿ ಇಡೋಣ, ಅದರ ಪ್ರತಿ ಪಂಚಾಯ್ತಿಗೂ ಹೋಗಲಿ ಅಂದರು. ಹಳೆಯದರ ಬಗ್ಗೆ ಏನೂ ಹೇಳಲಿಲ್ಲ. ತೋರಿಸು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ತೋರಿಸಿದೆ. ಆರು ಜನರ ಒಟ್ಟು ಲೆಕ್ಕ ಬರೆದುಕೊಟ್ಟೆ, ಯಾಕೆ ಹಾಗೆ ಬರೆದೆ ಅಂತಲೂ ಹೇಳಿದೆ. ಅವಳಿಗೆ ಸಿಟ್ಟು ಬರಬಹುದು ಅಂದುಕೊಂಡಿದ್ದೆ. ಬರಲಿಲ್ಲ. ಪೆನ್ಸಿಲಿನಲ್ಲಿ ತನ್ನ ಹಳೆಯ ಪ್ರಶ್ನೆ ಹೊಡೆದುಹಾಕಿ ಕೆಳಗೆ ಬರೆದಳು: 'ನಮಗೆ ಶಾಲೆ ತಪ್ಪಿದ ದಿನ ಎಲ್ಲಿಯೂ ದಾಖಲಾಗದೆ ಇರುವುದು ಹೇಗೆ?'

ಕಾಯ್ದೆ ಓದಿ, ತಮ್ಮನಿಗಿದೆ ತನಗಿಲ್ಲ ಅನ್ನುವುದನ್ನೂ ಕಂಡುಹಿಡಿದಿದ್ದಾಳೆ. ಅದನ್ನು ಎರಡನೇ ಅಧ್ಯಾಯ ಮಾಡುತ್ತಾಳಂತೆ. ನವೆಂಬರಿನ ಮಕ್ಕಳ ಗ್ರಾಮಸಭೆಯಲ್ಲಿ ಓದಲು ಹೆಸರು ಕೊಟ್ಟಿದ್ದಾಳೆ.

ಹೊಸ ಪ್ರಶ್ನೆಗೆ ಅವಳು ಮಾತಾಡಿಸಬೇಕಾದವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು. ಸೋಮವಾರ ಊಟದ ಬಿಡುವಿನಲ್ಲಿ ಸಂದರ್ಶನ. ಇವತ್ತೇ ಒಪ್ಪಿಗೆ ಪತ್ರ ತಂದು ಮೇಜಿನ ಮೇಲೆ ಇಟ್ಟಳು. ನಾನು ಸಹಿ ಹಾಕಲು ಪೆನ್ನು ತೆಗೆದೆ. 'ಹಾಗಲ್ಲ ಅಕ್ಕೋರೆ, ಮೊದಲು ನಾನು ಪೂರ್ತಿ ಓದಿ ಹೇಳಬೇಕು' ಅಂದಳು. ನಿಂತುಕೊಂಡೇ ಓದಿದಳು. ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು ಅನ್ನುವ ಸಾಲನ್ನು ಎರಡು ಸಲ ಓದಿದಳು.